ಹದಿನಾಲ್ಕು ದಿನದ ಮಾತ್ರೆ, ಒಂದೇ ಸಲದ ಮಾತ್ರೆ

ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ನಿಂತರೆ ಹೊಳೆಯಾಚೆ ಕಾಣುವ ಉದ್ದನೆಯ ಮರಳ ಪಟ್ಟಿಯೇ ಬೆಂಗ್ರೆ. ಒಂದು ಮಗ್ಗುಲಿಗೆ ಫಲ್ಗುಣಿ, ಇನ್ನೊಂದು ಮಗ್ಗುಲಿಗೆ ಅರಬ್ಬಿ ಸಮುದ್ರ. ತೋಟ ಬೆಂಗ್ರೆಯ ಮೊಗವೀರರಿರಲಿ, ಕಸಬ ಬೆಂಗ್ರೆಯ ಬ್ಯಾರಿಗಳಿರಲಿ, ಹೆಚ್ಚಿನ ಮನೆಗಳ ಗಂಜಿ ಕಡಲನ್ನೇ ನಂಬಿದ್ದು. ಪೇಟೆಗೆ, ವೆನ್ಲಾಕ್ ಆಸ್ಪತ್ರೆಗೆ ಹೋಗುವವರು ಫೆರಿ ಹತ್ತಿ ಹೊಳೆ ದಾಟುತ್ತಾರೆ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಬೋಟು ನಡೆಸುವ ತಾಂಡೇಲರೂ ಅದರಲ್ಲಿ ದುಡಿಯುವ ಕಲಾಸಿಗಳೂ ಮನೆಯಲ್ಲಿರುತ್ತಾರೆ. ಮಂಗಳೂರಿನಲ್ಲಿ ಮಲೇರಿಯಾ ಏರುವುದೂ ಅದೇ ಮಳೆಗಾಲದಲ್ಲಿ.

ಒಬ್ಬ ಕಲಾಸಿಗೆ ಜುಲೈ 25ಕ್ಕೆ ಚಳಿಜ್ವರ ಬಂತು, ರಕ್ತ ಪರೀಕ್ಷೆಯಲ್ಲಿ ವೈವ್ಯಾಕ್ಸ್ ಮಲೇರಿಯಾ ಎಂದು ಗೊತ್ತಾಯಿತು ಎಂದಿಟ್ಟುಕೊಳ್ಳಿ. ಮೂರು ದಿನ ಕ್ಲೋರೊಕ್ವಿನ್ ಕೊಡುತ್ತಾರೆ, ಜೊತೆಗೆ ಹದಿನಾಲ್ಕು ದಿನ ಪ್ರೈಮಾಕ್ವಿನ್. ಕ್ಲೋರೊಕ್ವಿನ್ ರಕ್ತದಲ್ಲಿರುವ ಪರಾವಲಂಬಿಯನ್ನು ಕೊಲ್ಲುತ್ತದೆ. ಎರಡು ಮೂರು ದಿನಕ್ಕೆ ಜ್ವರ ಇಳಿಯುತ್ತದೆ. ಆದರೆ ವೈವ್ಯಾಕ್ಸ್‌ನ ಒಂದು ಪಾಲು ಯಕೃತ್ತಿನಲ್ಲಿ ನಿದ್ದೆ ಹೋಗಿರುತ್ತದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಅದು ಎದ್ದು, ಹೊಸ ಸೊಳ್ಳೆ ಕಚ್ಚದಿದ್ದರೂ ಮತ್ತೆ ಜ್ವರ ತರುತ್ತದೆ. ಈ ಮಲಗಿದ ರೋಗಾಣುವನ್ನು ಕೊಲ್ಲುವುದಕ್ಕೇ ಪ್ರೈಮಾಕ್ವಿನ್. ದೊಡ್ಡವರಿಗೆ ದಿನಕ್ಕೆ 15 ಮಿಲಿಗ್ರಾಂ, ಅಂದರೆ 7.5ರ ಎರಡು ಮಾತ್ರೆ, ಊಟವಾದ ಮೇಲೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆನೋವು, ಓಕರಿಕೆ. ಜುಲೈ 25ಕ್ಕೆ ಶುರುವಾದ ಮಾತ್ರೆ ಮುಗಿಯುವುದು ಆಗಸ್ಟ್ 7ಕ್ಕೆ. ಅಷ್ಟರಲ್ಲಿ ಬೋಟು ಕಡಲಿಗಿಳಿದಿರುತ್ತದೆ. ಆಳ ಸಮುದ್ರಕ್ಕೆ ಹೋದ ಟ್ರಾಲ್ ಬೋಟು ಮರಳಲು ವಾರ, ಹತ್ತು ದಿನ ಬೇಕು. ಜ್ವರ ಬಿಟ್ಟಾಗಿದೆ, ಮೈ ಹಗುರಾಗಿದೆ, ಬಲೆ ಎಳೆಯುವ ಕೆಲಸ ಮೈಮೇಲಿದೆ. ಉಳಿದ ಮಾತ್ರೆ ಯಾರು ನುಂಗುತ್ತಾರೆ?

ಒಂದೇ ಸಲ ನುಂಗಿ ಮುಗಿಸುವ ಇನ್ನೊಂದು ಮದ್ದು ಜಗತ್ತಿನಲ್ಲಿದೆ. ಅದರ ಹೆಸರು ಟಾಫೆನೊಕ್ವಿನ್. ಅಮೆರಿಕದ ಔಷಧ ನಿಯಂತ್ರಕರು 2018ರಲ್ಲಿ ಅದಕ್ಕೆ ಅನುಮತಿ ಕೊಟ್ಟರು. ನಮ್ಮ ರಾಷ್ಟ್ರೀಯ ಚಿಕಿತ್ಸಾ ಕ್ರಮದಲ್ಲಿರುವುದು ಹದಿನಾಲ್ಕು ದಿನದ ಪ್ರೈಮಾಕ್ವಿನ್. ಇವೆರಡರಲ್ಲಿ ಯಾವುದು ಹೆಚ್ಚು ಗುಣಕಾರಿ ಎಂದು ಕೇಳುವುದು ಸಹಜ, ಉತ್ತರ ಹೇಳುವ ಅಧ್ಯಯನಗಳೂ ಇವೆ. ತೊಂದರೆ ಏನೆಂದರೆ, ಅವು ಎರಡು ಬೇರೆ ಉತ್ತರ ಕೊಟ್ಟಿವೆ.

ಮೊದಲನೆಯದು 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಬ್ರೆಜಿಲ್, ಪೆರು, ಥಾಯ್ಲೆಂಡ್ ಜೊತೆಗೆ ಭಾರತದ ರೋಗಿಗಳೂ ಅದರಲ್ಲಿದ್ದರು. ಒಟ್ಟು 329 ಮಂದಿ, ಆರು ಗುಂಪು. ಆರು ತಿಂಗಳ ತನಕ ಮಲೇರಿಯಾ ಮರುಕಳಿಸದೆ ಉಳಿದವರು 300 ಮಿಲಿಗ್ರಾಂ ಟಾಫೆನೊಕ್ವಿನ್ ಪಡೆದವರಲ್ಲಿ ಶೇ 89.2, ಪ್ರೈಮಾಕ್ವಿನ್ ಪಡೆದವರಲ್ಲಿ ಶೇ 77.3, ಬರೀ ಕ್ಲೋರೊಕ್ವಿನ್ ಪಡೆದವರಲ್ಲಿ ಶೇ 37.5. ಹೊಸ ಮದ್ದು ಗೆದ್ದಂತೆ ಕಂಡಿತು. ಐದು ವರ್ಷ ಕಳೆದು, 2019ರಲ್ಲಿ, 522 ಮಂದಿಯ ದೊಡ್ಡ ಅಧ್ಯಯನ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಅದೇ ಎರಡು ಮದ್ದು, ಅದೇ ಆರು ತಿಂಗಳು. ಟಾಫೆನೊಕ್ವಿನ್‌ಗೆ ಶೇ 62.4, ಪ್ರೈಮಾಕ್ವಿನ್‌ಗೆ ಶೇ 69.6, ಬರೀ ಕ್ಲೋರೊಕ್ವಿನ್‌ಗೆ ಶೇ 27.7. ಈ ಸಲ ಹಳೆಯದು ಮುಂದೆ.

ಇದನ್ನು ಓದಿ ‘ಈ ಸಂಶೋಧಕರು ಒಂದೊಂದು ಸಲ ಒಂದೊಂದು ಹೇಳುತ್ತಾರೆ’ ಎಂದು ಕೈಬಿಡುವವರು ಹಲವರು. ನನಗೆ ಹಾಗನ್ನಿಸುವುದಿಲ್ಲ. ಸಂಖ್ಯೆಗಳು ಸುಳ್ಳು ಹೇಳಿಲ್ಲ. ಅವು ಹೇಳಿದ್ದಕ್ಕಿಂತ ಹೆಚ್ಚನ್ನು ನಾವು ಕೇಳಿಸಿಕೊಂಡಿದ್ದೇವೆ.

2014ರ ಅಧ್ಯಯನದ 329 ಮಂದಿಯನ್ನು ಆರು ಪಾಲು ಮಾಡಿದಾಗ 300 ಮಿಲಿಗ್ರಾಂ ಗುಂಪಿಗೆ ಬಂದವರು 57, ಪ್ರೈಮಾಕ್ವಿನ್ ಗುಂಪಿಗೆ 50. ಐವತ್ತು ಜನರಲ್ಲಿ ಮೂವರಿಗೆ ಜ್ವರ ಮರಳಿತೋ ಇಲ್ಲವೋ ಎಂಬುದರಿಂದಲೇ ಶೇಕಡಾವಾರು ಆರು ಅಂಕ ಜಗ್ಗುತ್ತದೆ. ಅದಕ್ಕೇ ಸಂಶೋಧಕರು ಒಂದೇ ಸಂಖ್ಯೆ ಕೊಟ್ಟು ಸುಮ್ಮನಾಗುವುದಿಲ್ಲ, ಜೊತೆಗೊಂದು ವ್ಯಾಪ್ತಿಯನ್ನೂ ಕೊಡುತ್ತಾರೆ. ಟಾಫೆನೊಕ್ವಿನ್‌ನ 89.2ರ ಪಕ್ಕದಲ್ಲಿ ಬರೆದಿದ್ದ ವ್ಯಾಪ್ತಿ 77ರಿಂದ 95. ಪ್ರೈಮಾಕ್ವಿನ್‌ನ 77.3ಕ್ಕೆ 63ರಿಂದ 87. ನಿಜವಾದ ಯಶಸ್ಸು ಈ ಗಡಿಗಳೊಳಗೆ ಎಲ್ಲೋ ಇರುವ ಸಂಭವ ಹೆಚ್ಚು ಎಂದರ್ಥ. ಎರಡೂ ವ್ಯಾಪ್ತಿಗಳು 77ರಿಂದ 87ರ ತನಕ ಒಂದರ ಮೇಲೊಂದು ಬಿದ್ದಿವೆ. 2019ರಲ್ಲಿ ಜನ ಹೆಚ್ಚಿದ್ದರಿಂದ ವ್ಯಾಪ್ತಿ ಕಿರಿದಾಯಿತು: ಟಾಫೆನೊಕ್ವಿನ್ 54.9ರಿಂದ 69.0, ಪ್ರೈಮಾಕ್ವಿನ್ 60.2ರಿಂದ 77.1. ಆಗಲೂ ಒಂದರ ಮೇಲೊಂದು ಬಿದ್ದವು. ಅಂದರೆ ಯಾವುದು ಮೇಲು ಎಂಬುದನ್ನು ಎರಡು ಅಧ್ಯಯನಗಳೂ ಖಚಿತವಾಗಿ ಹೇಳಿರಲೇ ಇಲ್ಲ. ಅವು ಖಚಿತವಾಗಿ ಹೇಳಿದ್ದು ಬೇರೆ: ಬರೀ ಕ್ಲೋರೊಕ್ವಿನ್‌ಗಿಂತ ಟಾಫೆನೊಕ್ವಿನ್ ಬಹಳ ಮೇಲು.

ಇನ್ನೊಂದು ಸೂಕ್ಷ್ಮ ಇದೆ. ಬರೀ ಕ್ಲೋರೊಕ್ವಿನ್ ಪಡೆದವರ ಸಂಖ್ಯೆಯೂ 37.5ರಿಂದ 27.7ಕ್ಕೆ ಇಳಿದಿದೆ. ಅಧ್ಯಯನ ನಡೆದ ಊರುಗಳು ಬೇರೆ, ಅಲ್ಲಿನ ವೈವ್ಯಾಕ್ಸ್ ಮರುಕಳಿಸುವ ಪರಿ ಬೇರೆ, ಹೊಸದಾಗಿ ಸೊಳ್ಳೆ ಕಚ್ಚಿ ಸೋಂಕು ತಗಲುವ ಪ್ರಮಾಣ ಬೇರೆ. ಹೀಗಿರುವಾಗ 2014ರ ಟಾಫೆನೊಕ್ವಿನ್‌ನ 89.2ನ್ನು ಎತ್ತಿ 2019ರ ಪ್ರೈಮಾಕ್ವಿನ್‌ನ 69.6ರ ಪಕ್ಕ ಇಟ್ಟರೆ ಇಪ್ಪತ್ತು ಅಂಕದ ಗೆಲುವು ಕಾಣುತ್ತದೆ. ಎರಡೂ ಸಂಖ್ಯೆ ನಿಜ, ಹೋಲಿಕೆ ಮಾತ್ರ ತಪ್ಪು. ಬೇರೆ ಬೇರೆ ಅಧ್ಯಯನಗಳಿಂದ ಸಂಖ್ಯೆ ಹೆಕ್ಕಿ ಜೋಡಿಸಿದ ಕೋಷ್ಟಕಗಳು ಆಸ್ಪತ್ರೆಯ ಕರಪತ್ರಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಓಡಾಡುತ್ತವೆ. ಅಂಥದ್ದು ಕಂಡಾಗ ಮೊದಲು ಕೇಳಬೇಕಾದದ್ದು ಇಷ್ಟೆ: ಈ ಎರಡು ಗುಂಪಿನವರು ಒಂದೇ ಊರಿನ, ಒಂದೇ ಕಾಲದ, ಒಂದೇ ತರಹದ ರೋಗಿಗಳೇ?

ಈ ಪ್ರಶ್ನೆ ಎಷ್ಟು ಮುಖ್ಯ ಎಂದು ತೋರಿಸುವ ಒಂದು ಹಳೆಯ ಲೆಕ್ಕ ಮಲೇರಿಯಾದ್ದಲ್ಲ, ಕಿಡ್ನಿ ಕಲ್ಲಿನದು. ಬಿಸಿಲಲ್ಲಿ ಬೆವರಿ ನೀರು ಸಾಲದೆ ದುಡಿಯುವ ಕರಾವಳಿಯವರಿಗೆ ಅದೂ ಪರಿಚಯದ ನೋವೇ. 1986ರಲ್ಲಿ ಲಂಡನ್ನಿನ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಮ್ಮ ರೋಗಿಗಳ ಲೆಕ್ಕ ಕೊಟ್ಟರು. ಹೊಟ್ಟೆ ಕೊಯ್ದು ಕಲ್ಲು ತೆಗೆಯುವ ಹಳೆಯ ಶಸ್ತ್ರಚಿಕಿತ್ಸೆ 350 ಮಂದಿಗೆ. 273 ಮಂದಿಯಲ್ಲಿ ಯಶಸ್ಸು, ಅಂದರೆ ಶೇ 78. ಬೆನ್ನ ಬದಿಯಲ್ಲಿ ಸಣ್ಣ ರಂಧ್ರ ಮಾಡಿ ಕೊಳವೆಯ ಮೂಲಕ ಕಲ್ಲು ತೆಗೆಯುವ ಹೊಸ ವಿಧಾನ ಇನ್ನೂ 350 ಮಂದಿಗೆ. 289 ಮಂದಿಯಲ್ಲಿ ಯಶಸ್ಸು, ಶೇ 83. ಹೊಸದು ಮೇಲು ಎನ್ನುವುದಕ್ಕೆ ಇನ್ನೇನು ಬೇಕು?

ಈಗ ಅದೇ ರೋಗಿಗಳನ್ನು ಕಲ್ಲಿನ ಗಾತ್ರದ ಪ್ರಕಾರ ಬೇರೆ ಮಾಡಿ. ಸಣ್ಣ ಕಲ್ಲಿನವರಲ್ಲಿ ಹಳೆಯ ಶಸ್ತ್ರಚಿಕಿತ್ಸೆಗೆ 87ರಲ್ಲಿ 81, ಶೇ 93. ಹೊಸ ವಿಧಾನಕ್ಕೆ 270ರಲ್ಲಿ 234, ಶೇ 87. ದೊಡ್ಡ ಕಲ್ಲಿನವರಲ್ಲಿ ಹಳೆಯದಕ್ಕೆ 263ರಲ್ಲಿ 192, ಶೇ 73. ಹೊಸದಕ್ಕೆ 80ರಲ್ಲಿ 55, ಶೇ 69. ಸಣ್ಣ ಕಲ್ಲಿಗೂ ಹಳೆಯದೇ ಮೇಲು, ದೊಡ್ಡ ಕಲ್ಲಿಗೂ ಹಳೆಯದೇ ಮೇಲು. ಎರಡನ್ನೂ ಸೇರಿಸಿದ ಕೂಡಲೇ ಹೊಸದು ಮೇಲಾಗಿಬಿಡುತ್ತದೆ! ಕಾಗದ ಪೆನ್ನು ತೆಗೆದುಕೊಂಡು ಒಮ್ಮೆ ಕೂಡಿ ನೋಡಿ, ಎಲ್ಲೂ ತಪ್ಪಿಲ್ಲ. ಹೊಸ ವಿಧಾನಕ್ಕೆ ಹೋದವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರದು ಸಣ್ಣ ಕಲ್ಲು, ಅಂದರೆ ಸುಲಭದ ಪ್ರಕರಣ. ಹಳೆಯದರ ಪಾಲಿಗೆ ಬಂದವರಲ್ಲಿ ಮುಕ್ಕಾಲು ಪಾಲು ದೊಡ್ಡ ಕಲ್ಲಿನ ಕಷ್ಟದ ಪ್ರಕರಣ. ಎರಡೂ ಗುಂಪಿನಲ್ಲಿ ಸಣ್ಣ, ದೊಡ್ಡ ಕಲ್ಲಿನವರು ಒಂದೇ ಪ್ರಮಾಣದಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿದರೆ ಹಳೆಯದಕ್ಕೆ ಶೇ 83, ಹೊಸದಕ್ಕೆ ಶೇ 78 ಬರುತ್ತದೆ. ಸಂಖ್ಯೆಗಳು ಹೆಚ್ಚುಕಡಿಮೆ ಅದಲುಬದಲು. ಎಡ್ವರ್ಡ್ ಸಿಂಪ್ಸನ್ ಎಂಬ ಸಂಖ್ಯಾಶಾಸ್ತ್ರಜ್ಞ 1951ರಲ್ಲೇ ಇಂಥ ತಿರುವನ್ನು ವಿವರಿಸಿದ್ದರಿಂದ ಇದನ್ನು ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ.

ಇದರಿಂದ ಹೊಸ ವಿಧಾನ ಕೆಟ್ಟದ್ದು ಎಂದಾಗುವುದಿಲ್ಲ. ಕೊಯ್ತ ಸಣ್ಣದು, ರೋಗಿ ಬೇಗ ಎದ್ದು ಓಡಾಡುತ್ತಾನೆ. ಅದರ ಬೆಲೆಯೇ ಬೇರೆ. ಆದರೆ ‘ನಮ್ಮಲ್ಲಿ ಯಶಸ್ಸು ಇಷ್ಟು ಶೇಕಡಾ’ ಎಂದು ಒಂದು ಆಸ್ಪತ್ರೆ ಹೇಳುವಾಗ, ಅಲ್ಲಿಗೆ ಬರುವವರು ಎಂಥ ರೋಗಿಗಳು ಎಂದು ತಿಳಿಯದೆ ಇನ್ನೊಂದು ಆಸ್ಪತ್ರೆಯ ಜೊತೆ ಹೋಲಿಸಲು ಬರುವುದಿಲ್ಲ. ಸುತ್ತಲ ಜಿಲ್ಲೆಗಳಿಂದ ಕೈಮೀರಿದ ಪ್ರಕರಣಗಳನ್ನೆಲ್ಲ ಕಳಿಸಿಕೊಡುವ ಸರ್ಕಾರಿ ಆಸ್ಪತ್ರೆಯ ಸಂಖ್ಯೆ ತಗ್ಗಿ ಕಂಡರೆ ಅದು ವೈದ್ಯರ ಸೋಲಲ್ಲ.

ಗುಂಪುಗಳನ್ನು ಸಮ ಮಾಡುವುದಕ್ಕೆ ಕಂಡುಕೊಂಡ ದಾರಿ ಚೀಟಿ ಎತ್ತುವುದು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯರೂ ಆಯ್ಕೆ ಮಾಡಬಾರದು, ರೋಗಿಯೂ ಮಾಡಬಾರದು, ಅದೃಷ್ಟಕ್ಕೆ ಬಿಡಬೇಕು. ಬ್ರಿಟನ್ನಿನಲ್ಲಿ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರ ಮಾರ್ಗದರ್ಶನದಲ್ಲಿ 1948ರಲ್ಲಿ ಪ್ರಕಟವಾದ, ಕ್ಷಯದ ಮದ್ದು ಸ್ಟ್ರೆಪ್ಟೊಮೈಸಿನ್ ಕುರಿತ ಅಧ್ಯಯನ ಇದಕ್ಕೆ ಹೆಸರಾಯಿತು. ನಮ್ಮ ಪಕ್ಕದಲ್ಲೇ, 1956ರಲ್ಲಿ ಮದ್ರಾಸಿನಲ್ಲಿ ಇನ್ನೂ ಧೈರ್ಯದ ಅಧ್ಯಯನವೊಂದು ಶುರುವಾಯಿತು. ಕ್ಷಯ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಮ್ಮಿಗೆ ಸೇರಿಸಿ, ಉಳಿದವರಿಗೆ ಅವರ ಇಕ್ಕಟ್ಟಿನ ಮನೆಗಳಲ್ಲೇ ಮಾತ್ರೆ ಕೊಟ್ಟರು. ಯಾರು ಎಲ್ಲಿಗೆ ಎಂಬುದನ್ನು ಆರಿಸಿದ್ದು ಅದೃಷ್ಟ. ಒಳ್ಳೆಯ ಊಟ, ಗಾಳಿ, ವಿಶ್ರಾಂತಿ ಯಾವುದೂ ಇಲ್ಲದ ಬಡವರ ಮನೆಯಲ್ಲೂ ಗುಣವಾಗುವ ಪ್ರಮಾಣ ಸ್ಯಾನಟೋರಿಯಮ್ಮಿಗೆ ಹತ್ತಿರ ಹತ್ತಿರವೇ ಇತ್ತು. 1959ರಲ್ಲಿ ಫಲಿತಾಂಶ ಹೊರಬಂತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಕ್ಷಯಕ್ಕೆ ಮನೆಯಲ್ಲೇ ಚಿಕಿತ್ಸೆ ಎಂಬ ಇಂದಿನ ಪದ್ಧತಿಯ ಬೇರು ಆ ಚೀಟಿಯಲ್ಲಿದೆ.

ಮತ್ತೆ ಮಲೇರಿಯಾಕ್ಕೆ ಬರೋಣ. ಯಶಸ್ಸು ಎಂದರೆ ಏನು ಎಂಬುದನ್ನೂ ಕೇಳಲೇಬೇಕು. ರೋಗಿಯ ಮಟ್ಟಿಗೆ ಮೂರನೇ ದಿನ ಜ್ವರ ಬಿಟ್ಟರೆ ಯಶಸ್ಸು. ಆ ಅಳತೆಯಲ್ಲಿ ಪ್ರೈಮಾಕ್ವಿನ್ ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ. ಜ್ವರ ಇಳಿಸಿದ್ದು ಕ್ಲೋರೊಕ್ವಿನ್. ಒಂದು ತಿಂಗಳ ಅಳತೆಯಲ್ಲೂ ವ್ಯತ್ಯಾಸ ಅಷ್ಟಾಗಿ ಕಾಣದು. ಆರು ತಿಂಗಳು ಕಾದರೆ ಮಾತ್ರ ಯಕೃತ್ತಿನಲ್ಲಿ ಮಲಗಿದ್ದು ಸತ್ತಿದೆಯೋ ಇಲ್ಲವೋ ಎಂಬ ಅಂದಾಜು ಸಿಗುತ್ತದೆ. ಭಾರತದಲ್ಲಿ ದಶಕಗಳ ಕಾಲ ಪ್ರೈಮಾಕ್ವಿನ್ ಕೊಡುತ್ತಿದ್ದದ್ದು ಐದೇ ದಿನ. ಐದು ದಿನ ಮಾತ್ರೆ ತಿಂದವರಲ್ಲಿ ಹೆಚ್ಚಿನವರಿಗೆ ಜ್ವರ ಮರಳಲಿಲ್ಲ, ಮದ್ದು ಫಲಿಸಿತು ಎಂದೇ ಎಲ್ಲರೂ ತಿಳಿದರು. ಮಾತ್ರೆ ತಿನ್ನದವರಲ್ಲೂ ಹೆಚ್ಚಿನವರಿಗೆ ಮರಳುತ್ತಿರಲಿಲ್ಲ ಎಂಬುದನ್ನು ಪಕ್ಕಕ್ಕಿಟ್ಟು ನೋಡಿದವರು ಕಡಿಮೆ. ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಕೂಟದ ಪರಿಶೀಲನೆ ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಐದು ದಿನದ ಪ್ರೈಮಾಕ್ವಿನ್‌ಗೂ ಬರೀ ಕ್ಲೋರೊಕ್ವಿನ್‌ಗೂ ವ್ಯತ್ಯಾಸವೇ ಕಾಣಲಿಲ್ಲ. ಹದಿನಾಲ್ಕು ದಿನದ್ದು ಮಾತ್ರ ಫಲಿಸಿತ್ತು. ಹೋಲಿಸಲು ಇನ್ನೊಂದು ಗುಂಪಿಲ್ಲದ ‘ಶೇ 90 ಯಶಸ್ಸು’ ಎಂಬ ಮಾತು ಎಷ್ಟು ವರ್ಷ, ಎಷ್ಟು ಜನರಿಗೆ ನಷ್ಟ ಮಾಡಬಲ್ಲದು ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಕಾಯುವ ಆ ಆರು ತಿಂಗಳಲ್ಲಿ ರೋಗಿಗಳು ಕೈತಪ್ಪುತ್ತಾರೆ. ಕಟ್ಟಡದ ಕೆಲಸಕ್ಕೆ ಬಂದವನು ಊರಿಗೆ ಹೋಗಿಬಿಡುತ್ತಾನೆ, ಮೀನುಗಾರ ಕಡಲಲ್ಲಿರುತ್ತಾನೆ. ಇವರನ್ನು ಗುಣವಾದವರ ಲೆಕ್ಕಕ್ಕೆ ಹಾಕಬೇಕೋ ಆಗದವರ ಲೆಕ್ಕಕ್ಕೋ? ಮೇಲೆ ಹೇಳಿದ ಅಧ್ಯಯನಗಳು ಒಬ್ಬೊಬ್ಬನನ್ನೂ ಕೊನೆಯ ಸಲ ಕಂಡ ದಿನದ ತನಕ ಲೆಕ್ಕಕ್ಕೆ ಹಿಡಿದು, ಅಲ್ಲಿಂದ ಮುಂದೆ ಬಿಟ್ಟುಬಿಡುವ ಕ್ರಮವನ್ನು ಬಳಸಿವೆ. ಬಿಟ್ಟುಹೋದವರೂ ಉಳಿದವರಂತೆಯೇ ಇದ್ದಾರೆ ಎಂಬ ನಂಬಿಕೆ ಅದರ ಹಿಂದಿದೆ. ಮಾತ್ರೆ ಬಿಟ್ಟವರೇ ಹೆಚ್ಚಾಗಿ ಕಾಣೆಯಾಗುತ್ತಿದ್ದರೆ ಆ ನಂಬಿಕೆ ಮುರಿಯುತ್ತದೆ, ಸಂಖ್ಯೆ ನಿಜಕ್ಕಿಂತ ಚೆಂದ ಕಾಣುತ್ತದೆ.

ಬೆಂಗ್ರೆಯ ಪ್ರಶ್ನೆಗೆ ಇದೇ ಜಾಗದಲ್ಲಿ ಜೀವ ಬರುತ್ತದೆ. 2019ರ ಪ್ರೈಮಾಕ್ವಿನ್‌ನ ಶೇ 69.6 ಎಂಬುದು ಸಂಶೋಧಕರ ನಿಗಾದಲ್ಲಿ ಮಾತ್ರೆ ನುಂಗಿದವರದು. ದಿನನಿತ್ಯದ ಬದುಕಿನಲ್ಲಿ ಅಷ್ಟು ನಿಷ್ಠೆ ಕಷ್ಟ. ಒರಟಾಗಿ ಒಂದು ಲೆಕ್ಕ ಹಾಕಿದೆ: ಮಾತ್ರೆ ಪೂರ್ತಿ ಮುಗಿಸಿದವರಿಗೆ 69.6 ಫಲ, ನಡುವೆ ಬಿಟ್ಟವರಿಗೆ ಬರೀ ಕ್ಲೋರೊಕ್ವಿನ್‌ನ 27.7 ಫಲ ಎಂದಿಟ್ಟುಕೊಳ್ಳೋಣ. ನೂರರಲ್ಲಿ 60 ಮಂದಿ ಮುಗಿಸಿದರೆ ಒಟ್ಟು ಯಶಸ್ಸು ಶೇ 53ರ ಹತ್ತಿರ. ಒಂದೇ ಸಲದ ಟಾಫೆನೊಕ್ವಿನ್‌ನ 62.4ಕ್ಕಿಂತ ಕೆಳಗೆ. ಎರಡೂ ಸಮ ಆಗಬೇಕಾದರೆ ನೂರಕ್ಕೆ ಸುಮಾರು 83 ಮಂದಿ ಹದಿನಾಲ್ಕು ದಿನ ಮುಗಿಸಬೇಕು. ಅರ್ಧ ನುಂಗಿದವರಿಗೂ ಸ್ವಲ್ಪ ಫಲ ಸಿಗುವುದರಿಂದ ನಿಜವಾದ ಗೆರೆ ಇನ್ನೂ ಕೆಳಗಿರಬಹುದು. ಆದರೆ ಪ್ರಶ್ನೆಯ ರೂಪವೇ ಬದಲಾಯಿತು ನೋಡಿ. ಯಾವ ಮದ್ದು ಮೇಲು ಎನ್ನುವುದು ಈಗ, ಇಲ್ಲಿ ಎಷ್ಟು ಮಂದಿಗೆ ಮಾತ್ರೆ ಮುಗಿಸಲು ಸಾಧ್ಯ ಎಂಬುದಾಗಿದೆ.

ಮುಗಿಸಿದವರನ್ನು ಮಾತ್ರ ಎಣಿಸಿದರೆ ಪ್ರೈಮಾಕ್ವಿನ್ ಚೆನ್ನಾಗಿಯೇ ಕಾಣುತ್ತದೆ. ಆದರೆ ಮುಗಿಸುವವರು ಯಾರು? ದಡದಲ್ಲಿ ಕೆಲಸವಿರುವವರು, ಹೊತ್ತಿಗೆ ಊಟ ಸಿಗುವವರು, ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಕೈಗೆ ಸಿಗುವವರು. ಸಣ್ಣ ಕಲ್ಲಿನವರೆಲ್ಲ ಒಂದು ಕಡೆ ಸೇರಿದ ಕಥೆ ಇಲ್ಲೂ ನಡೆಯುತ್ತದೆ. ಅದಕ್ಕೇ ಒಳ್ಳೆಯ ಅಧ್ಯಯನಗಳು ಚೀಟಿಯಲ್ಲಿ ಯಾವ ಗುಂಪು ಬಂತೋ ಆ ಗುಂಪಿನಲ್ಲೇ, ಮಾತ್ರೆ ಬಿಟ್ಟವರನ್ನೂ ಸೇರಿಸಿ ಎಣಿಸುತ್ತವೆ.

ಹಾಗಾದರೆ ಒಂದೇ ಸಲದ ಮದ್ದನ್ನೇ ತರಿಸಬಾರದೇ ಎಂದರೆ, ಯಶಸ್ಸಿನ ಶೇಕಡಾವಾರಿನಲ್ಲಿ ಕಾಣದ ಒಂದು ಅಪಾಯವಿದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಕೆಲವರಲ್ಲಿರುತ್ತದೆ. ಅಂಥವರಿಗೆ ಈ ಎರಡೂ ಮದ್ದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲವು. ಪ್ರೈಮಾಕ್ವಿನ್ ತಿನ್ನುವಾಗ ಮೂತ್ರ ಕಪ್ಪಾದರೆ ಮಾರನೆಯ ದಿನದ ಮಾತ್ರೆ ನಿಲ್ಲಿಸಬಹುದು. ಟಾಫೆನೊಕ್ವಿನ್ ಒಮ್ಮೆ ಹೊಟ್ಟೆಗೆ ಹೋದರೆ ವಾರಗಟ್ಟಲೆ ದೇಹದಲ್ಲಿರುತ್ತದೆ, ಹಿಂದಕ್ಕೆ ತೆಗೆಯಲಾಗದು. ದಡದಿಂದ ದಿನಗಟ್ಟಲೆ ದೂರ ಇರುವವನಿಗೆ ಇದು ಸಣ್ಣ ಮಾತಲ್ಲ. ಅದನ್ನು ಕೊಡುವ ಮೊದಲು ಕಿಣ್ವದ ಚಟುವಟಿಕೆ ಶೇ 70ಕ್ಕಿಂತ ಹೆಚ್ಚಿದೆಯೇ ಎಂದು ಅಳೆಯುವ ಪರೀಕ್ಷೆ ಬೇಕು. ಇದೆ, ಇಲ್ಲ ಎಂದಷ್ಟೇ ಹೇಳುವ ಪರೀಕ್ಷೆ ಸಾಲದು.

ನಡುವಿನ ದಾರಿಯೊಂದನ್ನೂ ಪರೀಕ್ಷಿಸಿದ್ದಾರೆ: ಅಷ್ಟೇ ಪ್ರೈಮಾಕ್ವಿನ್, ಏಳೇ ದಿನದಲ್ಲಿ. ಅಫ್ಗಾನಿಸ್ತಾನ, ಇಥಿಯೋಪಿಯಾ, ಇಂಡೋನೇಷ್ಯಾ, ವಿಯೆಟ್ನಾಂನ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಆ ಅಧ್ಯಯನ 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ನೂರು ಮಂದಿಯನ್ನು ಒಂದು ವರ್ಷ ಗಮನಿಸಿದರೆ ಏಳು ದಿನದ ಗುಂಪಿನಲ್ಲಿ 18 ಸಲ, ಹದಿನಾಲ್ಕು ದಿನದ ಗುಂಪಿನಲ್ಲಿ 16 ಸಲ, ಪ್ರೈಮಾಕ್ವಿನ್ ಇಲ್ಲದ ಗುಂಪಿನಲ್ಲಿ 96 ಸಲ ಮಲೇರಿಯಾ ಮರಳುವ ಲೆಕ್ಕ. ನೂರಕ್ಕೆ ಏಳಕ್ಕಿಂತ ಹೆಚ್ಚು ಹಿಂದೆ ಬಿದ್ದರೆ ಒಪ್ಪುವುದಿಲ್ಲ ಎಂದು ಸಂಶೋಧಕರು ಮೊದಲೇ ಗೆರೆ ಎಳೆದಿದ್ದರು. ವ್ಯತ್ಯಾಸ ಎರಡು, ಅದರ ವ್ಯಾಪ್ತಿಯ ಮೇಲಿನ ತುದಿ ಐದು. ಗೆರೆ ದಾಟಲಿಲ್ಲ. ಫಲಿತಾಂಶ ನೋಡುವ ಮೊದಲೇ ಎಳೆದ ಗೆರೆಗೆ ಬೆಲೆ ಹೆಚ್ಚು. ಆಮೇಲೆ ಎಳೆಯುವುದಾದರೆ ಯಾರು ಬೇಕಾದರೂ ಗೆಲ್ಲಬಹುದು. ಮದ್ದಿನಿಂದಾದ ಗಂಭೀರ ತೊಂದರೆ ಏಳು ದಿನದವರಲ್ಲಿ 935ಕ್ಕೆ 9, ಹದಿನಾಲ್ಕು ದಿನದವರಲ್ಲಿ 937ಕ್ಕೆ 1. ಜುಲೈ 25ಕ್ಕೆ ಮಾತ್ರೆ ಶುರು ಮಾಡಿದವನಿಗೆ ಏಳು ದಿನದ ಕ್ರಮ 31ಕ್ಕೆ, ನಿಷೇಧದ ಕೊನೆಯ ದಿನಕ್ಕೆ, ಮುಗಿಯುತ್ತದೆ. ಈ ಅನುಕೂಲಕ್ಕೆ ಆ ಒಂಬತ್ತು ಎಂಬ ಬೆಲೆ ಹೆಚ್ಚೋ ಕಡಿಮೆಯೋ ಎಂಬುದನ್ನು ಸಂಖ್ಯಾಶಾಸ್ತ್ರ ತೀರ್ಮಾನಿಸುವುದಿಲ್ಲ. ವೈದ್ಯರೂ ರೋಗಿಯೂ ಕೂತು ಮಾತಾಡಬೇಕಾದ ವಿಷಯ ಅದು.

ಕರಾವಳಿಯಲ್ಲಿ ಈ ಕೆಲಸ ನಡೆದೇ ಇಲ್ಲ ಎಂದಲ್ಲ. ಮಣಿಪಾಲದ ಕವಿತಾ ಸರವು ಮತ್ತು ಸಂಗಡಿಗರು ಪ್ರೈಮಾಕ್ವಿನ್‌ನ ಹದಿನಾಲ್ಕು ದಿನಗಳ ಎರಡು ಕ್ರಮಗಳನ್ನು ಚೀಟಿ ಎತ್ತಿ ಹೋಲಿಸಿದ ಪ್ರಾಯೋಗಿಕ ಅಧ್ಯಯನ 2018ರಲ್ಲಿ ಪ್ರಕಟವಾಗಿದೆ. ಮಂಗಳೂರು ನಗರದಲ್ಲಿ 2015ರಿಂದ ಮಲೇರಿಯಾ ಪ್ರಕರಣಗಳನ್ನು ತಂತ್ರಾಂಶದಲ್ಲಿ ದಾಖಲಿಸಿ, ಕಾರ್ಯಕರ್ತರು ರೋಗಿಯ ಮನೆ ಹುಡುಕಿಕೊಂಡು ಹೋಗುವ ವ್ಯವಸ್ಥೆ ಬಂತು. ನನ್ನ ಕೋರಿಕೆ ಸಣ್ಣದು. ವೈವ್ಯಾಕ್ಸ್ ರೋಗಿಯ ಕಸುಬು ಯಾವುದು, ಹದಿನಾಲ್ಕನೇ ದಿನದ ಮಾತ್ರೆ ನುಂಗಿದನೇ, ಆರು ತಿಂಗಳೊಳಗೆ ಮತ್ತೆ ಜ್ವರ ಬಂತೇ ಎಂಬ ಮೂರನ್ನು ಒಂದೇ ಸಾಲಿನಲ್ಲಿ ಬರೆದಿಡಬೇಕು. ಬೋಟು ಕಡಲಲ್ಲಿದ್ದರೆ ‘ಸಿಗಲಿಲ್ಲ’ ಎಂದು ಬಿಡದೆ, ಅದು ದಕ್ಕೆಗೆ ಮರಳಿದ ದಿನ ಹೋಗಿ ಕೇಳಬೇಕು. ನೂರಕ್ಕೆ 83ರ ಗೆರೆಗೆ ಬೆಂಗ್ರೆಯ ಕಲಾಸಿಗಳು ಎಷ್ಟು ಹತ್ತಿರ, ಎಷ್ಟು ದೂರ ಎಂದು ಆಗ ಮೊದಲ ಬಾರಿಗೆ ಅವರದೇ ಲೆಕ್ಕದಲ್ಲಿ ಹೇಳಬಹುದು.